ಮಳೆ ರಜೆ ಮಕ್ಕಳಿಗೆ, ಹಾಜರಿ ಪುಸ್ತಕ ಅಪ್ಪ ಅಮ್ಮನಿಗೆ

ಜುಲೈ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆ ಹಿಡಿದು ಕೂತಿತೆಂದರೆ ರಾತ್ರಿ ಊಟದ ಹೊತ್ತಿಗೆ ಮನೆಮನೆಯಲ್ಲೂ ಒಂದೇ ಪ್ರಶ್ನೆ: ನಾಳೆ ಶಾಲೆಗೆ ರಜೆಯೇ? ಆದೇಶ ಕೆಲವೊಮ್ಮೆ ರಾತ್ರಿಯೇ ಬರುತ್ತದೆ. ಕೆಲವೊಮ್ಮೆ ಡಬ್ಬಿಗೆ ತಿಂಡಿ ತುಂಬಿ, ಮಗುವಿಗೆ ರೇನ್‌ಕೋಟ್ ತೊಡಿಸಿ ಆದ ಮೇಲೆ ಬರುತ್ತದೆ. ರಜೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹಳ್ಳ ಉಕ್ಕಿ ಕಾಲುಸಂಕದ ಮೇಲೆ ನೀರು ಹರಿಯುವಾಗ ಆರು ವರ್ಷದ ಮಗುವನ್ನು ಶಾಲೆಗೆ ಕಳುಹಿಸಿ ಎಂದು ಯಾರೂ ಹೇಳಲಾರರು. ಆದರೆ ಆ ರಜೆ ಅಂಗನವಾಡಿಗೆ, ಶಾಲೆಗೆ, ಕಾಲೇಜಿಗೆ. ಅಮ್ಮ ಲೆಕ್ಕ ಬರೆಯುವ ಸೊಸೈಟಿಗೆ ಇಲ್ಲ, ಅಪ್ಪ ದುಡಿಯುವ ಗ್ಯಾರೇಜಿಗೆ ಇಲ್ಲ, ಶಿವಮೊಗ್ಗದ ಮಾಚೇನಹಳ್ಳಿಯ ಕಾರ್ಖಾನೆಗಳಿಗೂ ಇಲ್ಲ. ಬೆಳಗಿನ ಬಸ್ಸು ಬರುವ ಮುಂಚೆ, ಮಗುವಿನ ಜೊತೆ ಯಾರು ಉಳಿಯಬೇಕು ಎಂಬುದು ತೀರ್ಮಾನವಾಗಬೇಕು. ನಾನು ಬಲ್ಲ ಬಹುಪಾಲು ಮನೆಗಳಲ್ಲಿ ಅದಕ್ಕೆ ಚರ್ಚೆಯೇ ನಡೆಯುವುದಿಲ್ಲ. ಅಜ್ಜಿ ಇದ್ದರೆ ಅಜ್ಜಿ, ಇಲ್ಲದಿದ್ದರೆ ಅಮ್ಮ.

ಮನೆಯನ್ನೂ ಕೆಲಸವನ್ನೂ ತೂಗಿಸಿಕೊಂಡು ಹೋಗುವುದು ಹೇಗೆ ಎಂದು ಪತ್ರಿಕೆಗಳಲ್ಲಿ ಬರುವ ಸಲಹೆಗಳು ಹೆಚ್ಚಾಗಿ ಒಬ್ಬೊಬ್ಬ ವ್ಯಕ್ತಿಗೆ ಹೇಳುವ ಸಲಹೆಗಳು. ಬೇಗ ಏಳಿ, ಪಟ್ಟಿ ಮಾಡಿಕೊಳ್ಳಿ, ಹಿಂದಿನ ರಾತ್ರಿಯೇ ತರಕಾರಿ ಹೆಚ್ಚಿಡಿ. ನಮ್ಮ ಕಡೆಯ ಹೆಂಗಸರಿಗೆ ಬೇಗ ಏಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅವರನ್ನು ದಣಿಸುವುದು ಕೆಲಸದ ರಾಶಿಯಷ್ಟೇ ಆಗಿದ್ದರೆ ಈ ಸಲಹೆಗಳು ಎಂದೋ ಫಲ ಕೊಡುತ್ತಿದ್ದವು. ಶಾಲೆ, ಬಸ್ಸು, ಕಚೇರಿ, ಮಳೆ, ತೋಟ ಎಲ್ಲಕ್ಕೂ ಅದರದರದೇ ವೇಳೆಯಿದೆ. ಅವು ಒಂದಕ್ಕೊಂದು ಹೊಂದುವುದಿಲ್ಲ. ಹೊಂದದೆ ಉಳಿದ ಹೊತ್ತನ್ನು ಮನೆಯ ಯಾರೋ ಒಬ್ಬರು ತಮ್ಮ ಮೈಮೇಲೆ ಎಳೆದುಕೊಳ್ಳುತ್ತಾರೆ. ಆ ಒಬ್ಬರು ಯಾರು, ಅವರ ಹೊತ್ತಿನ ಮೇಲೆ ಅವರಿಗೆ ಎಷ್ಟು ಹಿಡಿತವಿದೆ ಎಂಬುದನ್ನು ನೋಡಿದರೆ ಕಿರಿಕಿರಿ ಎಲ್ಲಿ ಹುಟ್ಟುತ್ತದೆ, ಸಂತೋಷ ಎಲ್ಲಿ ಸಿಗುತ್ತದೆ ಎಂಬುದೂ ತಿಳಿಯುತ್ತದೆ.

ದೇಶದ ಮಟ್ಟದ ಲೆಕ್ಕ ಸ್ಪಷ್ಟವಾಗಿದೆ. ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರ 2019ರಲ್ಲೂ 2024ರಲ್ಲೂ ಸಮೀಕ್ಷೆ ನಡೆಸಿತು. ಮನೆಯವರಿಗಾಗಿ ಸಂಬಳವಿಲ್ಲದೆ ಮಾಡುವ ಅಡುಗೆ, ಗುಡಿಸುವುದು, ಒಗೆಯುವುದು ಮೊದಲಾದ ಕೆಲಸಕ್ಕೆ 2024ರಲ್ಲಿ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ, ಗಂಡಸರು 88 ನಿಮಿಷ ಕೊಟ್ಟಿದ್ದಾರೆ. ಈ 88 ನಿಮಿಷವೂ ಅಂಥ ಕೆಲಸಕ್ಕೆ ಕೈಹಾಕಿದ ಗಂಡಸರ ಸರಾಸರಿ ಮಾತ್ರ. ಹಾಗೆ ಕೈಹಾಕುವವರು ಗಂಡಸರಲ್ಲಿ ಹೆಚ್ಚುಕಡಿಮೆ ಕಾಲುಭಾಗದಷ್ಟೇ ಇದ್ದಾರೆ. ಮಕ್ಕಳ, ವೃದ್ಧರ, ರೋಗಿಗಳ ಆರೈಕೆ ಇದರ ಹೊರಗಿನ ಲೆಕ್ಕ. 15ರಿಂದ 59 ವರ್ಷದವರಲ್ಲಿ ಆರೈಕೆ ಮಾಡುವ ಹೆಂಗಸರು ದಿನಕ್ಕೆ 140 ನಿಮಿಷ, ಗಂಡಸರು 74 ನಿಮಿಷ ಅದಕ್ಕೆ ಕೊಡುತ್ತಾರೆ. ಐದು ವರ್ಷಗಳ ಅಂತರದಲ್ಲಿ ಹೆಂಗಸರ ಮನೆಗೆಲಸದ ಹೊತ್ತು ಇಳಿದಿದೆ, ಆದರೆ ಹತ್ತು ನಿಮಿಷದಷ್ಟು.

ಹೆಚ್ಚುಕಡಿಮೆ ಇದೇ ಅವಧಿಯಲ್ಲಿ ಹೊರಗಿನ ದುಡಿಮೆಯ ಲೆಕ್ಕದಲ್ಲಿ ಅವರ ಪಾಲು ಜೋರಾಗಿ ಏರಿತು. ಹದಿನೈದು ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಯುವ ಅಥವಾ ದುಡಿಮೆ ಹುಡುಕುವವರ ಪ್ರಮಾಣ 2017–18ರಲ್ಲಿ ಶೇ. 23.3 ಇದ್ದದ್ದು 2023–24ರಲ್ಲಿ ಶೇ. 41.7ಕ್ಕೆ ಮುಟ್ಟಿದೆ. ಈ ಏರಿಕೆಯ ದೊಡ್ಡ ಭಾಗ ಹಳ್ಳಿಗಳದು, ಸ್ವಂತ ಉದ್ಯೋಗದ್ದು. ಮನೆಯ ಹೊಲ, ತೋಟ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ಇದರಲ್ಲಿ ಸೇರಿದ್ದಾರೆ. ಅಡಿಕೆ ತೋಟದ ಮನೆಯ ಗೃಹಿಣಿ ಹೊಸದಾಗಿ ಕೆಲಸಕ್ಕೆ ಸೇರಿದವಳೇನಲ್ಲ. ಕೊಟ್ಟಿಗೆಯ ಸಗಣಿ ಬಾಚುವುದು, ಹಾಲು ಕರೆದು ಡೇರಿಗೆ ಕಳುಹಿಸುವುದು, ಕೊನೆ ಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ಆಳುಗಳಿಗೆ ಊಟ ಬಡಿಸುವುದು, ಒಣಹಾಕಿದ ಅಡಿಕೆಗೆ ಮೋಡ ಕವಿದಾಗ ಓಡುವುದು, ಇವೆಲ್ಲ ಅವಳ ಅತ್ತೆಯೂ ಮಾಡಿದ್ದೇ. ಈಗ ಅದು ಅಂಕಿ ಅಂಶದಲ್ಲಿ ಕಾಣಿಸುತ್ತಿದೆ ಎಂಬುದು ಒಳ್ಳೆಯದೇ. ಆದರೆ ಅಡಿಕೆ ಮಂಡಿಗೆ ಹೋಗಿ ದುಡ್ಡಾಗಿ ಮರಳುವಾಗ ಅದು ಯಾರ ಖಾತೆಗೆ ಬೀಳುತ್ತದೆ ಎಂಬುದನ್ನು ಯಾವ ಮನೆಯವರನ್ನು ಕೇಳಿದರೂ ಉತ್ತರ ಒಂದೇ.

ವೇಳೆಗೆ ವೇಳೆ ಹೊಂದದ ಊರು

ಸಣ್ಣ ಉದಾಹರಣೆ ಶನಿವಾರದ್ದು. ಶಾಲೆ ಬೆಳಗಿನ ಹೊತ್ತು ನಡೆದು ಮಧ್ಯಾಹ್ನದ ಒಳಗೆ ಮುಗಿಯುತ್ತದೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸರ್ಕಾರಿ ನೌಕರರಿಗೆ ರಜೆ. ಖಾಸಗಿ ಕ್ಲಿನಿಕ್ಕಿನ ನರ್ಸಿಗೆ, ಬಟ್ಟೆ ಅಂಗಡಿಯ ಹುಡುಗಿಗೆ, ಹೋಟೆಲಿನ ಅಡುಗೆಯವರಿಗೆ ಅದೇ ಹೆಚ್ಚು ಕೆಲಸದ ದಿನ. ಮೂರನೆಯ ತರಗತಿಯ ಮಗು ಶಾಲೆ ಬಿಟ್ಟು ಬಂದು ಬೀಗ ಹಾಕಿದ ಬಾಗಿಲ ಮುಂದೆ ಕೂರದಂತೆ ನೋಡಿಕೊಳ್ಳಲು ಪಕ್ಕದ ಮನೆಯವರ ಕೈಕಾಲು ಹಿಡಿಯಬೇಕು. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಅಷ್ಟು ದೀರ್ಘ ರಜೆ ಯಾವ ಕಚೇರಿಯಲ್ಲೂ ಇಲ್ಲ. ಶಿವಮೊಗ್ಗ, ಭದ್ರಾವತಿಯ ದುಡಿಯುವ ದಂಪತಿಗಳು ಮಕ್ಕಳನ್ನು ಹಳ್ಳಿಯ ಅಜ್ಜಿಮನೆಗೆ ಬಿಡುವುದರಲ್ಲಿ ಪ್ರೀತಿಯೂ ಇದೆ, ಬೇರೆ ದಾರಿಯಿಲ್ಲದ ಇಕ್ಕಟ್ಟೂ ಇದೆ.

ಬಸ್ಸಿನ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಮಲೆನಾಡಿನಲ್ಲಿ ಯಾರು ಯಾವ ಕೆಲಸಕ್ಕೆ ಹೋಗಬಹುದು ಎಂಬುದನ್ನು ವಿದ್ಯೆಗಿಂತ ಹೆಚ್ಚಾಗಿ ಕೊನೆಯ ಬಸ್ಸು ತೀರ್ಮಾನಿಸುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ರಾಜ್ಯದ ಹೆಂಗಸರು ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದೆ ಓಡಾಡುವಂತಾಯಿತು. ಬಯಲುಸೀಮೆಯ ಎಷ್ಟೋ ಕಡೆ ಇದು ಕೆಲಸಕ್ಕೆ ಹೋಗುವವರ ಕೈಯಲ್ಲಿ ತಿಂಗಳಿಗೆ ಒಂದಿಷ್ಟು ದುಡ್ಡು ಉಳಿಸಿದೆ. ಆದರೆ ಘಟ್ಟದ ಒಳಹಳ್ಳಿಗಳಿಗೆ ಬರುವವು ಹೆಚ್ಚಾಗಿ ಖಾಸಗಿ ಬಸ್ಸುಗಳು; ಅಲ್ಲಿ ಶಕ್ತಿಯ ಟಿಕೆಟ್ ನಡೆಯುವುದಿಲ್ಲ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋಯಿತು. ಆ ಬಸ್ಸುಗಳ ವೇಳೆಗೆ ಹೊಂದಿಕೊಂಡು ಕಾಲೇಜು, ಕೆಲಸ, ಆಸ್ಪತ್ರೆ ಎಲ್ಲವನ್ನೂ ನಡೆಸುತ್ತಿದ್ದ ಊರುಗಳಿಗೆ ಅದು ಒಂದು ಸಂಸ್ಥೆ ಮುಚ್ಚಿದ ಸುದ್ದಿಗಿಂತ ದೊಡ್ಡದಾಗಿತ್ತು. ಬಸ್ಸಿಲ್ಲದ ಮನೆಯಲ್ಲಿ ಬೈಕ್ ಬರುತ್ತದೆ. ಬೈಕ್ ಸಾಮಾನ್ಯವಾಗಿ ಗಂಡನದು. ಹೆಂಡತಿಯ ಕೆಲಸದ ವೇಳೆ ಆಗ ಗಂಡನ ಕೆಲಸದ ವೇಳೆಗೆ ಕಟ್ಟುಬೀಳುತ್ತದೆ, ಒಂದು ದಿನ ಅವನಿಗೆ ತಡವಾದರೆ ಇವಳಿಗೂ ತಡ.

ಇದರ ಎದುರು ದಿಕ್ಕಿನ ಉದಾಹರಣೆಯೂ ನಮ್ಮಲ್ಲೇ ಇದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಮರಿ, ಸಿಗಂದೂರಿನ ಕಡೆಯ ಹಳ್ಳಿಗಳನ್ನು ದಶಕಗಳ ಕಾಲ ಸಾಗರದಿಂದ ಬೇರೆ ಮಾಡಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಸುತ್ತುದಾರಿಯೇ ಗತಿ. ಸಾಗರದಲ್ಲಿ ಸಂಜೆಯವರೆಗೆ ಕೆಲಸ ಮಾಡಿ ರಾತ್ರಿ ಮನೆಗೆ ಮರಳುವುದು ಆ ದಡದವರಿಗೆ ಹರಸಾಹಸವಾಗಿತ್ತು, ಹಾಗಾಗಿ ಕೆಲಸ ಸಿಕ್ಕವರು ಸಾಗರದಲ್ಲೇ ಬಾಡಿಗೆ ಮನೆ ಹಿಡಿದು ಅಪ್ಪ ಅಮ್ಮನನ್ನು ಆಚೆ ದಡದಲ್ಲಿ ಬಿಡಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಓಡಾಟಕ್ಕೆ ತೆರೆಯಿತು. ದೇವಸ್ಥಾನಕ್ಕೆ ಹೋಗುವವರ ಅನುಕೂಲದ ಬಗ್ಗೆ ಎಲ್ಲರೂ ಬರೆದರು. ಸಂಸಾರಗಳ ದಿನಚರಿಗೆ ಅದರಿಂದ ಸಿಕ್ಕ ಬಿಡುವಿನ ಬಗ್ಗೆ ಬರೆದದ್ದು ಕಡಿಮೆ, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡ ವಿಷಯ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಕಾಗದದ ಮೇಲೆ ನಮಗಿರುವ ರಕ್ಷಣೆ ಕಡಿಮೆಯೇನಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ 26 ವಾರಗಳ ರಜೆ ಬಂತು. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ಅವಕಾಶ ಕೊಡಬೇಕು ಎಂದೂ ಆಯಿತು. 1948ರ ಕಾರ್ಖಾನೆಗಳ ಕಾಯ್ದೆ ಮೂವತ್ತಕ್ಕೆ ಮೇಲ್ಪಟ್ಟು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ, 1951ರ ತೋಟ ಕಾರ್ಮಿಕರ ಕಾಯ್ದೆ ಐವತ್ತು ಹೆಂಗಸರಿರುವ ಕಾಫಿ, ಚಹಾ ತೋಟಗಳಲ್ಲಿ ಮಕ್ಕಳ ಪಾಲನೆಗೆ ಜಾಗ ಇರಬೇಕೆಂದು ಬಹಳ ಹಿಂದೆಯೇ ಹೇಳಿದ್ದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಐವತ್ತರ ಮಿತಿಯನ್ನೇ ಉಳಿಸಿಕೊಂಡಿದೆ.

ಈ ಸಂಖ್ಯೆಗಳನ್ನು ಹಿಡಿದು ಸಾಗರ ಅಥವಾ ತೀರ್ಥಹಳ್ಳಿಯ ಪೇಟೆಬೀದಿಯಲ್ಲಿ ಒಮ್ಮೆ ನಡೆದು ನೋಡಬೇಕು. ಔಷಧಿ ಅಂಗಡಿ, ಖಾಸಗಿ ಶಾಲೆ, ಬೇಕರಿ, ಬ್ಯೂಟಿ ಪಾರ್ಲರ್, ಸಹಕಾರ ಸಂಘ, ಹೋಂಸ್ಟೇ. ಐವತ್ತು ಜನರಿರುವ ಕಡೆ ಬೆರಳೆಣಿಕೆಯಷ್ಟು. ಹತ್ತು ಜನರಿಗಿಂತ ಕಡಿಮೆಯಿರುವ ಅಂಗಡಿಗೆ ಹೆರಿಗೆ ರಜೆಯ ಕಾಯ್ದೆಯೇ ತಾಗುವುದಿಲ್ಲ. ಹೆರಿಗೆಯೆಂದರೆ ಅಲ್ಲಿ ಕೆಲಸ ಬಿಡುವುದು ಎಂದೇ ಅರ್ಥ. ಸರ್ಕಾರಿ ನೌಕರಿಯಲ್ಲಿರುವ ಹೆಂಗಸರಿಗೆ ರಾಜ್ಯ 2021ರಲ್ಲಿ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ಸರ್ಕಾರಿ ನೌಕರನಾದ ತಂದೆಗೆ ಹದಿನೈದು ದಿನಗಳ ಪಿತೃತ್ವ ರಜೆಯಿದೆ. ಖಾಸಗಿಯಲ್ಲಿ ದುಡಿಯುವ ತಂದೆಗೆ ಕಾನೂನು ಒಂದು ದಿನವನ್ನೂ ಖಾತರಿಪಡಿಸಿಲ್ಲ. ಮಗು ತಾಯಿಯ ಜವಾಬ್ದಾರಿ ಎಂಬ ನಂಬಿಕೆಗೆ ಹೀಗೆ ಕಾನೂನಿನ ಮುದ್ರೆಯೂ ಬಿದ್ದಂತಾಗಿದೆ.

ವಯಸ್ಸಾದವರ ವಿಷಯದಲ್ಲಿ ಇನ್ನೂ ವಿಚಿತ್ರ. ತಂದೆತಾಯಿಯನ್ನು ಮಕ್ಕಳು ನೋಡಿಕೊಳ್ಳಲೇಬೇಕು ಎಂದು 2007ರ ಕಾಯ್ದೆ ಹೇಳುತ್ತದೆ. ನೋಡಿಕೊಳ್ಳಲು ರಜೆ ಕೊಡಿ ಎಂದು ಖಾಸಗಿ ಮಾಲೀಕರಿಗೆ ಯಾವ ಕಾಯ್ದೆಯೂ ಹೇಳುವುದಿಲ್ಲ. ಹೊಸನಗರದ ಒಂಟಿ ಮನೆಯಲ್ಲಿ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದರೆ ಬೆಂಗಳೂರಿನ ಮಗಳು ರಾತ್ರಿ ಬಸ್ಸೋ ರೈಲೋ ಹಿಡಿದು ಬರಬೇಕು, ತನ್ನ ಸಾಂದರ್ಭಿಕ ರಜೆಯನ್ನು ಖರ್ಚು ಮಾಡಬೇಕು. ಅದು ಮುಗಿದ ಮೇಲೆ ಸಂಬಳ ಕಡಿತ. ಮಲೆನಾಡಿನ ಮನೆಗಳಲ್ಲಿ ಈಗ ವಯಸ್ಸಾದವರೇ ಹೆಚ್ಚು ಉಳಿದಿರುವುದರಿಂದ ಮುಂದಿನ ವರ್ಷಗಳಲ್ಲಿ ಮಕ್ಕಳ ಪಾಲನೆಗಿಂತ ಇದೇ ದೊಡ್ಡ ಪ್ರಶ್ನೆಯಾಗಲಿದೆ ಎಂದು ನನಗೆ ಅನ್ನಿಸುತ್ತದೆ.

ಎಲ್ಲ ಭಾರವೂ ಕೊನೆಗೆ ಇಳಿಯುವುದು ಅಜ್ಜಿಯ ಮೇಲೆ. ಆಕೆಗೂ ಮಂಡಿನೋವಿದೆ, ಬಿ.ಪಿ. ಮಾತ್ರೆಯಿದೆ, ನವರಾತ್ರಿಯ ಭಜನೆಗೆ ಹೋಗುವ ಆಸೆಯಿದೆ. ಎರಡು ವರ್ಷದ ಮೊಮ್ಮಗುವಿನ ಹಿಂದೆ ದಿನವಿಡೀ ಓಡಾಡುವುದು ಪುಣ್ಯದ ಕೆಲಸ ಎಂದು ನಾವು ಹೊಗಳುತ್ತೇವೆ. ಆಕೆಗೆ ವಾರಕ್ಕೆ ಒಂದು ದಿನ ಬಿಡುವು ಕೊಡುವ ಮನೆಗಳನ್ನು ಮಾತ್ರ ನಾನು ಹೆಚ್ಚು ಕಂಡಿಲ್ಲ. ಇನ್ನು ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರು. ಊರಿನ ಬಾಣಂತಿಯರ, ಶಿಶುಗಳ ಕಾಳಜಿ ಅವರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ಕಾಡುವುದರಿಂದ ಆಗ ಮನೆಮನೆ ಸುತ್ತುವ ಕೆಲಸವೂ ಸೇರಿಕೊಳ್ಳುತ್ತದೆ. ಊರನ್ನೆಲ್ಲ ನೋಡಿಕೊಳ್ಳುವ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಇವರ ಮಕ್ಕಳನ್ನು ಆ ಹೊತ್ತಿನಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರೆ ಮತ್ತೆ ಅದೇ ಉತ್ತರ: ಅವರ ಅತ್ತೆ, ಅವರ ಅಮ್ಮ.

ಸಂತೋಷ ಸಿಗುವ ಜಾಗ

ಇಷ್ಟೆಲ್ಲ ಇದ್ದರೂ ಕೆಲಸ ಬಿಡಲು ಒಪ್ಪದ ಹೆಂಗಸರೇ ನನ್ನ ಸುತ್ತ ಹೆಚ್ಚು. ಸಂಬಳ ಅದಕ್ಕೆ ಮೊದಲ ಕಾರಣ, ಒಂದೇ ಕಾರಣವಲ್ಲ. ತನ್ನ ಹೆಸರಿನ ಪಾಸ್‌ಬುಕ್ಕಿಗೆ ತಾನೇ ದುಡಿದ ಹಣ ಬಂದು ಬೀಳುವುದು ಮನೆಯಲ್ಲಿ ಆಡುವ ಮಾತಿಗೆ ತೂಕ ತರುತ್ತದೆ. ಮಗಳನ್ನು ವಿಜ್ಞಾನ ವಿಭಾಗಕ್ಕೆ ಸೇರಿಸುವುದೋ ಬೇಡವೋ ಎಂಬ ಮಾತು ಬಂದಾಗ ಆ ತೂಕ ಕೆಲಸಕ್ಕೆ ಬರುತ್ತದೆ. ಹೊರಗೆ ಹೋಗಿ ಬರುವ ಎಂಟು ಗಂಟೆಯಲ್ಲಿ ತನ್ನನ್ನು ಹೆಸರು ಹಿಡಿದು ಕರೆಯುವ, ತನ್ನ ಕೌಶಲವನ್ನು ನೋಡಿ ಮೆಚ್ಚುವ ಜನರಿರುತ್ತಾರೆ. ಅಡುಗೆಮನೆಯಲ್ಲಿ ದೊರೆಯದ ಈ ಗುರುತನ್ನು ಒಮ್ಮೆ ಕಂಡವರಿಗೆ ಬಿಡುವುದು ಕಷ್ಟ.

ಶಿವಮೊಗ್ಗದಂಥ ಊರಿಗೆ ತನ್ನದೇ ಆದ ಒಂದು ಭಾಗ್ಯವೂ ಇದೆ, ಅದು ದೂರ ಕಡಿಮೆಯಿರುವುದು. ವಿನೋಬನಗರದಲ್ಲಿ ಮನೆ, ನೆಹರೂ ರಸ್ತೆಯಲ್ಲಿ ಕೆಲಸ ಎಂದರೆ ಮಧ್ಯಾಹ್ನ ಮನೆಗೆ ಹೋಗಿ ಬಿಸಿ ಸಾರು ಅನ್ನ ಉಂಡು, ಜ್ವರದಲ್ಲಿ ಮಲಗಿದ ಮಗುವಿನ ಹಣೆ ಮುಟ್ಟಿ ನೋಡಿ ಮರಳಬಹುದು. ಬೆಂಗಳೂರಿನ ನಮ್ಮ ಬಂಧುಗಳು ದಿನಕ್ಕೆ ಎರಡು ಮೂರು ಗಂಟೆ ರಸ್ತೆಯಲ್ಲೇ ಕಳೆಯುವುದನ್ನು ನೋಡಿದಾಗ ಈ ಅರ್ಧ ಗಂಟೆಯ ಬೆಲೆ ನನಗೆ ಗೊತ್ತಾಗುತ್ತದೆ. ಸಂಬಳ ಅಲ್ಲಿ ಹೆಚ್ಚು, ನಿಜ. ಸಂಜೆ ಬೆಳಕಿರುವಾಗಲೇ ಮಗುವಿನ ಜೊತೆ ತುಂಗೆಯ ದಂಡೆಯಲ್ಲಿ ನಡೆಯುವುದನ್ನು ಸಂಬಳದ ಚೀಟಿಯಲ್ಲಿ ಬರೆಯಲು ಬರುವುದಿಲ್ಲ.

ಹಳ್ಳಿಯ ದುಡಿಮೆಯಲ್ಲಿ ಸಂತೋಷದ ಸ್ವರೂಪ ಬೇರೆ. ಅಡಿಕೆ ಸುಲಿಯುವ ಕಾಲ ಬಂದಾಗ ಅಂಗಳದ ದೀಪದ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಮನೆಯವರು, ನೆರೆಯವರು ಸಾಲಾಗಿ ಕೂರುತ್ತಾರೆ. ಮಾತು, ಹಾಡು, ಊರಿನ ಸುದ್ದಿ, ನಡುವೆ ಶಾಲೆಯ ಪಾಠ ಒಪ್ಪಿಸುವ ಮಗು. ಕೆಲಸ ಮತ್ತು ಸಂಸಾರ ಇಲ್ಲಿ ಎರಡಾಗಿ ಒಡೆದಿರುವುದಿಲ್ಲ. ತೂಕದ ಲೆಕ್ಕದಲ್ಲಿ ಕೂಲಿ ಸಿಗುವುದರಿಂದ ಎಷ್ಟು ಹೊತ್ತು ಕೂರಬೇಕೆಂಬುದನ್ನು ಸುಲಿಯಲು ಬಂದ ಹೆಂಗಸೇ ನಿರ್ಧರಿಸಬಹುದು. ಮಗು ಅತ್ತರೆ ಎದ್ದು ಹೋಗಲು ಯಾರ ಅಪ್ಪಣೆಯೂ ಬೇಡ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುವ ಸ್ತ್ರೀಶಕ್ತಿ ಸಂಘದ ಹೆಂಗಸರೂ ಇದೇ ಮಾತು ಹೇಳುತ್ತಾರೆ. ಮಕ್ಕಳಿಗೆ ಬೇಸಿಗೆ ರಜೆ, ಅವರಿಗೆ ಹಪ್ಪಳದ ಕಾಲ, ಎರಡೂ ಒಟ್ಟಿಗೆ ಬರುತ್ತವೆ.

ಆದರೂ ಈ ಚಿತ್ರವನ್ನು ಪೂರ್ತಿ ಮುದ್ದು ಮಾಡಲು ನನಗೆ ಮನಸ್ಸಿಲ್ಲ. ರಾತ್ರಿ ಹನ್ನೊಂದಕ್ಕೆ ಸುಲಿಯುವವರಿಗೆಲ್ಲ ಚಹಾ ಮಾಡಲು ಏಳುವವಳು ಒಬ್ಬಳೇ. ಬೆಳಿಗ್ಗೆ ಕೊಟ್ಟಿಗೆಗೆ ಮೊದಲು ಹೋಗುವವಳೂ ಅವಳೇ. ತನ್ನ ಹೊತ್ತು ತನ್ನ ಕೈಯಲ್ಲಿದ್ದರೆ ಸಾಲದು, ಆ ಹೊತ್ತನ್ನು ತಿನ್ನುವ ಕೆಲಸದಲ್ಲಿ ಪಾಲುದಾರರೂ ಬೇಕು. ಕೋವಿಡ್ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದ ಸಾಫ್ಟ್‌ವೇರ್ ಉದ್ಯೋಗಿಗಳ ಮನೆಗಳಲ್ಲೂ ಇದೇ ಕಂಡಿತು. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದವರು, ಕರೆಂಟು ಹೋದಾಗ ಇನ್ವರ್ಟರಿನ ಮುಂದೆ ಕೂತವರು ಎಲ್ಲರೂ ಕಷ್ಟಪಟ್ಟರು. ಮಗನ ಮೀಟಿಂಗಿಗೆ ಮನೆಯೆಲ್ಲ ಮೌನವಾಗಿರುತ್ತಿತ್ತು. ಸೊಸೆಯ ಮೀಟಿಂಗಿನ ನಡುವೆ ಕುಕ್ಕರ್ ಇಳಿಸುವವರು ಯಾರೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಗಂಡಸರು ಕೈಜೋಡಿಸುವುದಿಲ್ಲ ಎಂದರೆ ಈಗಿನ ಹುಡುಗರಿಗೆ ಅನ್ಯಾಯವಾದೀತು. ಪಾತ್ರೆ ತೊಳೆಯುವ, ಮಗುವಿಗೆ ಸ್ನಾನ ಮಾಡಿಸುವ ತಂದೆಯರು ನಮ್ಮ ಬೀದಿಯಲ್ಲೇ ಇದ್ದಾರೆ. ಹೇಳಿದ ಕೆಲಸವನ್ನು ಅವರು ಮಾಡುತ್ತಾರೆ. ಹೇಳಬೇಕಾದವಳು ಮಾತ್ರ ಅವಳೇ. ಲಸಿಕೆಯ ದಿನ, ಸಮವಸ್ತ್ರದ ಗುಂಡಿ, ಗ್ಯಾಸ್ ಬುಕ್ಕಿಂಗ್, ಮಾವನ ಮಾತ್ರೆ ಮುಗಿಯುವ ತಾರೀಕು, ಇವನ್ನು ತಲೆಯಲ್ಲಿ ಹೊತ್ತು ತಿರುಗುವುದು ಯಾವ ಸಮೀಕ್ಷೆಯ ನಿಮಿಷದಲ್ಲೂ ಸಿಗದ ಕೆಲಸ. ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಯೂ ಶಾಲೆಯ ಡಬ್ಬಿಯೂ ಪೂರ್ತಿಯಾಗಿ ನನ್ನ ಗಂಡನ ಪಾಲಿಗೆ ಬಂದಾಗ, ಅಂದರೆ ನಾಳೆ ಏನು ಮಾಡಬೇಕೆಂದು ಯೋಚಿಸುವುದೂ ಅವರದೇ ಆದಾಗ, ನನಗೆ ಸಿಕ್ಕ ನಿರಾಳ ಅವರು ಮೊದಲು ಈರುಳ್ಳಿ ಹೆಚ್ಚಿಕೊಡುತ್ತಿದ್ದಾಗ ಸಿಕ್ಕಿರಲಿಲ್ಲ. ಸರ್ಕಾರಿ ಶಾಲೆಯ ಮಧ್ಯಾಹ್ನದ ಬಿಸಿಯೂಟವೂ ಹಾಗೆಯೇ ಕೆಲಸ ಮಾಡುತ್ತದೆ. ಮಕ್ಕಳ ಹೊಟ್ಟೆ ತುಂಬಿಸುವುದರ ಜೊತೆಗೆ ಅದು ತಾಯಿಯ ಬೆಳಗಿನಿಂದ ಒಂದು ಇಡೀ ಚಿಂತೆಯನ್ನು ತೆಗೆದುಹಾಕಿದೆ.

ಇಂಥ ಇನ್ನಷ್ಟು ಚಿಂತೆಗಳನ್ನು ತೆಗೆಯಲು ದೊಡ್ಡ ದುಡ್ಡು ಬೇಕಾಗಿಲ್ಲ. 2023–24ರ ರಾಜ್ಯ ಬಜೆಟ್ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿತು. ಅಂಗನವಾಡಿಗೆ ಸೇರುವ ವಯಸ್ಸಾಗದ ಪುಟ್ಟ ಮಕ್ಕಳಿಗಾಗಿ, ಮುಖ್ಯವಾಗಿ ಉದ್ಯೋಗ ಖಾತರಿಯ ಕೂಲಿಕಾರರ ಮಕ್ಕಳಿಗಾಗಿ ರೂಪಿಸಿದ ಯೋಜನೆ ಅದು. ಯೋಚನೆ ಬಹಳ ಒಳ್ಳೆಯದು. ಮಲೆನಾಡಿನಲ್ಲಿ ಅದಕ್ಕೆ ಒಂದು ತಿದ್ದುಪಡಿ ಬೇಕು. ಇಲ್ಲಿ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ಪಂಚಾಯಿತಿ ಕಚೇರಿಯ ಪಕ್ಕದಲ್ಲಿ ಒಂದು ಕೂಸಿನ ಮನೆ ಮಾಡಿದರೆ ದೂರದ ಮಜರೆಯವಳು ಮಗುವನ್ನು ಹೊತ್ತು ಮಳೆಯಲ್ಲಿ ಅಲ್ಲಿಯವರೆಗೆ ನಡೆಯಲಾರಳು. ಅದು ಬಸ್ಸು ನಿಲ್ಲುವ ಕಡೆ ಇರಬೇಕು, ಬೆಳಗಿನ ಮೊದಲ ಬಸ್ಸಿಗಿಂತ ಮುಂಚೆ ತೆರೆಯಬೇಕು, ಸಂಜೆಯ ಬಸ್ಸು ಬಂದು ಹೋದ ಮೇಲೆ ಮುಚ್ಚಬೇಕು. ಕೊನೆ ಕೊಯ್ಲು, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಹತ್ತಿರವೇ ಒಂದು ತಾತ್ಕಾಲಿಕ ಕೇಂದ್ರ ಸಾಕು.

ಮಳೆ ರಜೆಗೂ ದಾರಿಯಿದೆ. ಹೀಗೆ ತಪ್ಪಿದ ಪಾಠಗಳನ್ನು ಶಾಲೆಗಳು ಮುಂದೆ ಶನಿವಾರ ಪೂರ್ತಿ ದಿನ ತರಗತಿ ನಡೆಸಿ ಸರಿದೂಗಿಸುತ್ತವೆ. ಅದೇ ಅನುಕೂಲವನ್ನು ಪಾಲಕರಿಗೂ ಕೊಡಬಹುದು: ಶಾಲೆಗೆ ರಜೆ ಘೋಷಣೆಯಾದ ದಿನ ಹತ್ತು ವರ್ಷದೊಳಗಿನ ಮಕ್ಕಳಿರುವ ತಂದೆ ಅಥವಾ ತಾಯಿ ರಜೆ ಪಡೆದು, ಆ ಹೊತ್ತನ್ನು ಬೇರೆ ದಿನ ದುಡಿದು ತೀರಿಸುವುದು. ಸಹಕಾರ ಸಂಘಗಳು, ಖಾಸಗಿ ಶಾಲೆಗಳು ಕಾನೂನಿಗಾಗಿ ಕಾಯದೆ ತಾವೇ ಇದನ್ನು ಮಾಡಬಹುದು. ಮಾಡುವಾಗ ತಂದೆಯಾದ ನೌಕರರಿಗೂ ಕೊಡಬೇಕು, ಅವರು ಕೇಳುವವರೆಗೆ ಕಾಯದೆ ತಾವೇ ಮುಂದಾಗಿ ಹೇಳಬೇಕು. ರಜೆಯ ಆದೇಶವೂ ಹಿಂದಿನ ಸಂಜೆ ಏಳರೊಳಗೆ ಬಂದರೆ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ. ಹವಾಮಾನ ಇಲಾಖೆಯ ಆರೆಂಜ್, ರೆಡ್ ಎಚ್ಚರಿಕೆ ಬಹಳಷ್ಟು ಸಲ ಅದಕ್ಕೆ ಮುಂಚೆಯೇ ಬಂದಿರುತ್ತದೆ.